ನಾಲ್ಕನೇ ಲೈನ್‌ನ ಹುಡುಗ ಯಾಕೆ ಬೆಂಚ್ ಮೇಲೆ ಕೂತ?

ಪ್ರಶ್ನೆ: ನಮ್ಮದು ಶಿವಮೊಗ್ಗ ಕಡೆ. ಹದಿನೈದು ವರ್ಷದಿಂದ ಕೆನಡಾದ ಒಂಟಾರಿಯೊದಲ್ಲಿ ಇದ್ದೇವೆ. ಮಗನಿಗೆ 17 ವರ್ಷ. ಇಲ್ಲಿನ ಒಂದು ಜೂನಿಯರ್ ಐಸ್ ಹಾಕಿ ತಂಡದಲ್ಲಿ ನಾಲ್ಕನೇ ಲೈನ್‌ನ ಲೆಫ್ಟ್ ವಿಂಗರ್. ಲೈನ್ ಅಂದರೆ ಒಟ್ಟಿಗೆ ಇಳಿಯುವ ಮೂವರು ಫಾರ್ವರ್ಡ್‌ಗಳು, ಅದರಲ್ಲಿ ಇವನು ಎಡಬದಿಯವನು. ಸೀಸನ್ ಪೂರ್ತಿ ಪಂದ್ಯಕ್ಕೆ 10–11 ನಿಮಿಷ ಆಡಿದ. ಈಗ ಪ್ಲೇಆಫ್. ಏಳು ಪಂದ್ಯಗಳ ಸರಣಿ, 2–2 ಸಮ ಆಗಿದೆ. ಮೊದಲ ಎರಡು ಪಂದ್ಯ ನಮ್ಮೂರಲ್ಲಿ. 10 ನಿಮಿಷ, 9 ನಿಮಿಷ ಆಡಿಸಿದರು. ಆಮೇಲಿನ ಎರಡು ಎದುರಾಳಿಗಳ ಊರಲ್ಲಿ. 5 ನಿಮಿಷ, ಆಮೇಲೆ ಬರೀ 3. ನಾಲ್ಕನೇ ಪಂದ್ಯದಲ್ಲಿ ಒಂದು ಸಲ ಇಳಿದವನನ್ನು ಹತ್ತೇ ಸೆಕೆಂಡಿಗೆ ವಾಪಸ್ ಕರೆದರು. ಎರಡನೇ ಪೀರಿಯಡ್‌ನಲ್ಲಿ ಒಂದೇ ಸಲ ಕಳಿಸಿದರು, ಮೂರನೆಯದರಲ್ಲಿ ಕಳಿಸಲೇ ಇಲ್ಲ. ಆ ದಿನ ನಮ್ಮವರಿಗೆ 6 ಪೆನಾಲ್ಟಿ, ಅವರಿಗೆ 3. ಒಂದು ಗೋಲಿನಿಂದ ಸೋತೆವು. ಮಗ ಮನೆಗೆ ಬಂದು ಊಟ ಮಾಡದೆ ಮಲಗಿದ. ಕೋಚ್‌ಗೆ ಅವನ ಮೇಲೆ ನಂಬಿಕೆ ಹೋಯಿತಾ? ನಾಲ್ಕು ಲೈನ್ ಇರುವಾಗ ಮೂರನ್ನೇ ಆಡಿಸಿದರೆ ಆ ಹುಡುಗರು ಸುಸ್ತಾಗಲ್ವಾ? ನಾನು ಹೋಗಿ ಕೋಚ್ ಹತ್ತಿರ ಮಾತಾಡಬಹುದಾ?

ಉತ್ತರ: ನೀವು ಕೊಟ್ಟ ನಾಲ್ಕು ಅಂಕಿ ಇದೆಯಲ್ಲ, 10, 9, 5, 3, ಅದರ ಪಕ್ಕದಲ್ಲಿ ಪಂದ್ಯ ಎಲ್ಲಿ ನಡೆಯಿತು ಅಂತ ಬರೆದು ನೋಡಿ. ಮನೆ, ಮನೆ, ಹೊರಗೆ, ಹೊರಗೆ. ನಿಮ್ಮ ಮಗನ ಆಟ ಎರಡೇ ದಿನದಲ್ಲಿ ಹಾಳಾಗಿಲ್ಲ. ಊರು ಬದಲಾಯಿತು. ಐಸ್ ಹಾಕಿಯಲ್ಲಿ ಅದೊಂದರಿಂದಲೇ ನಾಲ್ಕನೇ ಲೈನ್‌ನ ನಿಮಿಷಗಳು ಅರ್ಧ ಆಗಬಹುದು.

ಕಾರಣ ಹೇಳುತ್ತೇನೆ. ಆಟ ನಿಂತು ಮತ್ತೆ ಫೇಸ್‌ಆಫ್ (ಇಬ್ಬರ ನಡುವೆ ಪಕ್ ಅನ್ನುವ ರಬ್ಬರ್ ಬಿಲ್ಲೆ ಬೀಳಿಸಿ ಆಟ ಶುರು ಮಾಡುವುದು) ಆಗುವ ಮುಂಚೆ ಎರಡೂ ತಂಡ ಆಟಗಾರರನ್ನು ಬದಲಾಯಿಸಬಹುದು. ಆದರೆ ಹೊರಗಿನಿಂದ ಬಂದ ತಂಡ ಮೊದಲು ತನ್ನ ಐದು ಜನರನ್ನು ಕಳಿಸಬೇಕು. ಮನೆ ತಂಡದ ಕೋಚ್ ಅದನ್ನು ನೋಡಿಕೊಂಡು ಆಮೇಲೆ ತನ್ನವರನ್ನು ಕಳಿಸುತ್ತಾನೆ. ಇದಕ್ಕೆ ಲಾಸ್ಟ್ ಚೇಂಜ್ ಅನ್ನುತ್ತಾರೆ. ಇಸ್ಪೀಟಿನಲ್ಲಿ ಎದುರಾಳಿಯ ಎಲೆ ನೋಡಿ ನಿಮ್ಮ ಎಲೆ ಇಳಿಸಿದ ಹಾಗೆ.

ನಿಮ್ಮೂರಲ್ಲಿ ಆಡುವಾಗ ನಿಮ್ಮ ಕೋಚ್ ಎದುರಾಳಿಯ ಮೂರನೇ, ನಾಲ್ಕನೇ ಲೈನ್ ಇಳಿದಾಗ ನೋಡಿಕೊಂಡು ನಿಮ್ಮ ಮಗನ ಲೈನ್ ಕಳಿಸಿದರು. 10 ನಿಮಿಷ ಸಿಕ್ಕಿತು. ಹೊರಗೆ ಹೋದಾಗ ಆ ಅನುಕೂಲ ಎದುರಾಳಿ ಕೋಚ್ ಕೈಗೆ ಹೋಯಿತು. ನಿಮ್ಮ ನಾಲ್ಕನೇ ಲೈನ್ ಇಳಿಯೋದನ್ನೇ ಕಾಯುತ್ತಿದ್ದು, ತಕ್ಷಣ ತನ್ನ ಮೊದಲನೇ ಲೈನ್ ಬಿಟ್ಟಿರುತ್ತಾನೆ. 19–20 ವರ್ಷದ, ಇನ್ನೊಂದು ವರ್ಷಕ್ಕೆ ದೊಡ್ಡವರ ಲೀಗ್‌ಗೆ ಹೋಗುವ ಮೂವರು ಒಂದು ಕಡೆ, 17ರ ಹುಡುಗರು ಇನ್ನೊಂದು ಕಡೆ. ಹತ್ತೇ ಸೆಕೆಂಡಿಗೆ ವಾಪಸ್ ಕರೆದರು ಅಂದಿರಲ್ಲ, ಅದು ಇದೇ. ಫೇಸ್‌ಆಫ್‌ಗೆ ಒಂದು ಲೈನ್ ನಿಲ್ಲಿಸಿ, ಎದುರು ಯಾರು ಬಂದರು ನೋಡಿ, ಪಕ್ ಸುರಕ್ಷಿತ ಜಾಗಕ್ಕೆ ಹೋದ ಕೂಡಲೇ ಆಟ ನಡೆಯುತ್ತಿರುವಾಗಲೇ ಅವರನ್ನು ಎಳೆದುಕೊಂಡು ಬೇರೆಯವರನ್ನು ಬಿಡುವುದು. ಹೊರಗೆ ಆಡುವ ಕೋಚ್‌ಗೆ ಲಾಸ್ಟ್ ಚೇಂಜ್ ಇಲ್ಲದ ಕೊರತೆ ತುಂಬಿಕೊಳ್ಳಲು ಇರುವ ದಾರಿ ಇದು. ಹುಡುಗನಿಗೆ ಮಾತ್ರ ‘ನಾನೇನೋ ತಪ್ಪು ಮಾಡಿದೆ’ ಅನಿಸುತ್ತದೆ. ಪಾಪ, ಯಾರೂ ಹೇಳಿರಲ್ಲ.

ಲೈನ್ ಎದುರು ಲೈನ್ ನಿಲ್ಲಿಸುವ ಈ ಲೆಕ್ಕಕ್ಕೆ ಹೆಸರಾದವರು ಸ್ಕಾಟಿ ಬೌಮನ್. ಕೋಚ್ ಆಗಿ ಉತ್ತರ ಅಮೆರಿಕದ ದೊಡ್ಡ ವೃತ್ತಿಪರ ಲೀಗ್ ಎನ್‌ಎಚ್‌ಎಲ್‌ನ ಸ್ಟ್ಯಾನ್ಲಿ ಕಪ್ 9 ಸಲ ಗೆದ್ದವರು. ಅದಕ್ಕೂ ಮುಂಚೆ ಅವರು ನಿಮ್ಮ ಒಂಟಾರಿಯೊದ ಪೀಟರ್‌ಬರೋದಲ್ಲಿ ಜೂನಿಯರ್ ಹುಡುಗರಿಗೆ ಕೋಚ್ ಆಗಿದ್ದರು. 1959ರಲ್ಲಿ ಆ ತಂಡವನ್ನು ಜೂನಿಯರ್ ಹಾಕಿಯ ದೊಡ್ಡ ಕಪ್ ಆದ ಮೆಮೋರಿಯಲ್ ಕಪ್‌ನ ಫೈನಲ್‌ವರೆಗೆ ಕರೆದುಕೊಂಡು ಹೋಗಿದ್ದರು.

ಇನ್ನು ಪೆನಾಲ್ಟಿ. ತಪ್ಪು ಮಾಡಿದವನು ಹೊರಗೆ ಕೂರುತ್ತಾನೆ, ಅಷ್ಟು ಹೊತ್ತು ಅವನ ತಂಡದಲ್ಲಿ ಒಬ್ಬ ಕಡಿಮೆ. ನಿಮ್ಮವರ 6, ಅವರ 3. ತಲಾ ಎರಡು ನಿಮಿಷ ಅಂದುಕೊಂಡರೆ ಸುಮಾರು 18 ನಿಮಿಷ ಆಟ ಐದು ಎದುರು ಐದು ಇರಲೇ ಇಲ್ಲ. 60ರಲ್ಲಿ ಉಳಿದದ್ದು 42. ಅದನ್ನು ನಾಲ್ಕು ಲೈನ್‌ಗೂ ಸಮನಾಗಿ ಹಂಚಿದರೂ ತಲಾ ಹತ್ತೂವರೆ ನಿಮಿಷ. ಆದರೆ ಸಮನಾಗಿ ಹಂಚಲು ಆಗಲ್ಲ. ಪೆನಾಲ್ಟಿ ಕಿಲ್‌ಗೆ, ಅಂದರೆ ಒಬ್ಬ ಕಡಿಮೆ ಇರುವಾಗ ಗೋಲು ಬೀಳದ ಹಾಗೆ ತಡೆಯಲು, ಮೊದಲ ಮೂರು ಲೈನ್‌ಗಳಿಂದ ಒಬ್ಬೊಬ್ಬರನ್ನು ಕಿತ್ತು ಕಳಿಸಿರುತ್ತಾರೆ. ಅದು ಮುಗಿದಾಗ ಒಬ್ಬನಿಗೆ ಏದುಸಿರು, ಅವನ ಜೊತೆಗಾರರು ಇಬ್ಬರು ತಣ್ಣಗೆ ಕೂತಿದ್ದಾರೆ. ಲೈನ್‌ಗಳ ಸರದಿ ಪೂರ್ತಿ ಕಲಸಿಹೋಗುತ್ತದೆ.

ಮೂರನೆಯದು ಬೆಂಚ್‌ನ ದೂರ. ನೀವು ಸ್ಟ್ಯಾಂಡ್‌ನಲ್ಲಿ ಕೂತು ಗಮನಿಸಿರಬಹುದು. ಒಂದನೇ ಮತ್ತು ಮೂರನೇ ಪೀರಿಯಡ್‌ನಲ್ಲಿ ನಮ್ಮ ಗೋಲು ನಮ್ಮ ಬೆಂಚ್ ಇರುವ ಅರ್ಧದಲ್ಲಿರುತ್ತದೆ. ಎರಡನೆಯದರಲ್ಲಿ ಕಡೆ ಬದಲಾಗಿ ಬೆಂಚ್ ದೂರ ಆಗುತ್ತದೆ. ಇದು ಲಾಂಗ್ ಚೇಂಜ್. ನಮ್ಮ ಗೋಲಿನ ಮುಂದೆ ಸಿಕ್ಕಿಬಿದ್ದ ಹುಡುಗ ಬದಲಾಗಬೇಕಂದರೆ ಬ್ಲೂ ಲೈನ್ (ನಮ್ಮ ಕಡೆಯ ಭಾಗದ ಗಡಿಗೆರೆ) ದಾಟಿ, ನಡುಗೆರೆಯನ್ನೂ ದಾಟಿ ಬೆಂಚ್ ಮುಟ್ಟಬೇಕು. ಅವನು ಹೊರಟರೆ ಹಿಂದೆ ಜಾಗ ಖಾಲಿ. ಹೊರಡದಿದ್ದರೆ ಕಾಲು ಸೋಲುತ್ತದೆ. ಅದಕ್ಕೇ ಎರಡನೇ ಪೀರಿಯಡ್‌ನಲ್ಲಿ ಕೋಚ್‌ಗಳು ಹೊಸಬರನ್ನು ಕಳಿಸಲು ಹಿಂದೆ ಮುಂದೆ ನೋಡುತ್ತಾರೆ. ಪ್ಲೇಆಫ್‌ನಲ್ಲಿ ಓವರ್‌ಟೈಮ್ ಬಂದರೆ ಮೊದಲ ಓವರ್‌ಟೈಮ್ ಕೂಡ ಇದೇ ದೂರದ ಬೆಂಚ್.

ಮೂರನೇ ಪೀರಿಯಡ್‌ನಲ್ಲಿ ಒಂದು ಗೋಲು ಹಿಂದೆ. ಅಲ್ಲಿ ಕೋಚ್ ಮೂರು ಲೈನ್‌ಗೆ ಇಳಿದದ್ದು ಸಹಜ. ನಾನಿದ್ದರೂ ಕೊನೆಯ ಹತ್ತು ನಿಮಿಷ ಅದನ್ನೇ ಮಾಡುತ್ತಿದ್ದೆ. ಇಪ್ಪತ್ತು ನಿಮಿಷವೂ ಮಾಡುತ್ತಿರಲಿಲ್ಲ. ಇಲ್ಲಿಂದ ನಿಮ್ಮ ಎರಡನೇ ಪ್ರಶ್ನೆ ಶುರುವಾಗುತ್ತದೆ. ನನಗೆ ನಿಜವಾಗಿ ಮುಖ್ಯ ಅನಿಸುವುದೂ ಅದೇ.

ಸುಸ್ತಾಗಲ್ವಾ ಅಂದಿರಿ. ಆಗುತ್ತಾರೆ. ತುಂಬಾ ಆಗುತ್ತಾರೆ. ಲೆಕ್ಕ ಹೀಗಿದೆ. ಒಂದು ಶಿಫ್ಟ್, ಅಂದರೆ ಒಂದು ಸಲ ಇಳಿದು ವಾಪಸ್ ಬರುವವರೆಗಿನ ಆಟ, ಸುಮಾರು 45 ಸೆಕೆಂಡ್. 60 ನಿಮಿಷಕ್ಕೆ 80 ಶಿಫ್ಟ್. ನಾಲ್ಕು ಲೈನ್ ಸರದಿಯಲ್ಲಿ ಹೋದರೆ ತಲಾ 20 ಶಿಫ್ಟ್, 15 ನಿಮಿಷ. ಮೂರೇ ಲೈನ್ ಆದರೆ ತಲಾ 26–27 ಶಿಫ್ಟ್, 20 ನಿಮಿಷ. ಒಂದು ಪಂದ್ಯಕ್ಕೆ 5 ನಿಮಿಷ ಜಾಸ್ತಿ ಅಷ್ಟೇ ತಾನೇ ಅನಿಸುತ್ತದೆ. ಏಳು ಪಂದ್ಯಕ್ಕೆ 35 ನಿಮಿಷ ಆಯಿತು. ಮೊದಲ ಲೈನ್‌ನ ಹುಡುಗರು ಅದೇ ಸರಣಿಯಲ್ಲಿ ಎರಡು ಪಂದ್ಯ ಜಾಸ್ತಿ ಆಡಿದ ಹಾಗೆ. ಒಂಟಾರಿಯೊ ಹಾಕಿ ಲೀಗ್‌ನಲ್ಲಿ ಕಪ್ ಗೆಲ್ಲಬೇಕಂದರೆ ಇಂಥ ನಾಲ್ಕು ಸುತ್ತು, 16 ಗೆಲುವು ಬೇಕು. ಅದೂ 68 ಪಂದ್ಯಗಳ ಸೀಸನ್ ಮುಗಿಸಿ ಬಂದ ಮೇಲೆ.

ಆಡಿದ ನಿಮಿಷಕ್ಕಿಂತ ಕೂತ ನಿಮಿಷ ಮುಖ್ಯ. 45 ಸೆಕೆಂಡ್ ಪೂರ್ತಿ ಶಕ್ತಿ ಹಾಕಿ ಸ್ಕೇಟ್ ಮಾಡಿದರೆ ಸ್ನಾಯುವಿನಲ್ಲಿ ತಕ್ಷಣಕ್ಕೆ ಸಿಗುವ ಶಕ್ತಿ ಖಾಲಿಯಾಗುತ್ತದೆ. ಅದು ಮತ್ತೆ ತುಂಬಲು ಮೂರರಿಂದ ಐದು ನಿಮಿಷ ಬೇಕು. ನಾಲ್ಕು ಲೈನ್ ಇದ್ದರೆ ಗಡಿಯಾರದ ಲೆಕ್ಕದಲ್ಲಿ ಎರಡೂಕಾಲು ನಿಮಿಷ ಕೂರುತ್ತಾರೆ. ನಡುವೆ ಆಟ ನಿಲ್ಲುವುದನ್ನೂ ಸೇರಿಸಿದರೆ ಮೂರು ಆಗುತ್ತದೆ. ಮೂರು ಲೈನ್ ಆದರೆ ಒಂದೂವರೆ ನಿಮಿಷ ಮಾತ್ರ. ಕೊಡ ಅರ್ಧ ತುಂಬುವಷ್ಟರಲ್ಲಿ ಎತ್ತಿಕೊಂಡು ಹೋದ ಹಾಗೆ. ಮೊದಲ ಪೀರಿಯಡ್‌ನಲ್ಲಿ ಇದು ಕಾಣಲ್ಲ. ಆರನೇ ಪಂದ್ಯದ ಮೂರನೇ ಪೀರಿಯಡ್‌ನಲ್ಲಿ ಕಾಣುತ್ತದೆ.

ನನಗೆ ಇದು ಪುಸ್ತಕ ಓದಿ ಗೊತ್ತಾದದ್ದಲ್ಲ. ಕೆಲವು ವರ್ಷಗಳ ಹಿಂದೆ ಒಂದು ಜೂನಿಯರ್ ತಂಡಕ್ಕೆ ಸಹಾಯಕ ಕೋಚ್ ಆಗಿದ್ದೆ. ಬೆಂಚ್‌ನಲ್ಲಿ ಫಾರ್ವರ್ಡ್‌ಗಳನ್ನು ಕಳಿಸುವುದು ನನ್ನ ಕೆಲಸ. ಎರಡನೇ ಸುತ್ತಿನ ಎರಡನೇ ಪಂದ್ಯದಲ್ಲಿ ಹಿಂದೆ ಬಿದ್ದೆವು. ನಾಲ್ಕನೇ ಲೈನ್ ಕೂರಿಸಿದೆ. ಗೆದ್ದೆವು. ಮೂರನೆಯದರಲ್ಲೂ ಹಾಗೇ ಮಾಡಿದೆ, ಗೆದ್ದೆವು. ಆಮೇಲೆ ಅದೇ ಅಭ್ಯಾಸ ಆಯಿತು. ಗೆಲ್ಲುತ್ತಿರುವಾಗ ಯಾರು ಬದಲಾಯಿಸುತ್ತಾರೆ?

ಏಳನೇ ಪಂದ್ಯ, ಕೊನೆಯ ಆರು ನಿಮಿಷ, ಸಮ ಇದೆ. ನಮ್ಮ ಮೊದಲ ಲೈನ್ ನಮ್ಮ ಗೋಲಿನ ಮುಂದೆ ಸಿಕ್ಕಿಕೊಂಡಿತು. ಪಕ್ ಹೊರಗೆ ತಳ್ಳಿದರು. ಅದು ಎದುರಾಳಿಯ ಗೋಲ್ ಲೈನ್ ದಾಟಿ ಹೋಯಿತು. ಐಸಿಂಗ್. ಐಸಿಂಗ್ ಆದರೆ ಫೇಸ್‌ಆಫ್ ವಾಪಸ್ ನಮ್ಮ ಗೋಲಿನ ಪಕ್ಕಕ್ಕೇ ಬರುತ್ತದೆ, ತಪ್ಪು ಮಾಡಿದ ತಂಡ ಆಟಗಾರರನ್ನು ಬದಲಾಯಿಸುವ ಹಾಗಿಲ್ಲ. ಎದುರಾಳಿ ಹೊಸ ಐವರನ್ನು ಇಳಿಸಿದ. ಮತ್ತೆ ಐಸಿಂಗ್. ನಮ್ಮ ಸೆಂಟರ್ (ಲೈನ್‌ನ ನಡುವಿನವನು) ಮಂಡಿ ಮೇಲೆ ಸ್ಟಿಕ್ ಅಡ್ಡ ಇಟ್ಟುಕೊಂಡು ಬಗ್ಗಿ ನಿಂತಿದ್ದ. ಹೆಲ್ಮೆಟ್‌ನಿಂದ ಬೆವರು ಐಸ್ ಮೇಲೆ ತೊಟ್ಟಿಕ್ಕುತ್ತಿತ್ತು. ನನ್ನ ಕಡೆ ತಲೆ ಎತ್ತಿ ನೋಡಿದ. ನಾನು ಏನೂ ಮಾಡುವ ಹಾಗಿರಲಿಲ್ಲ. ನನ್ನ ಪಕ್ಕದಲ್ಲಿ ನಾಲ್ಕನೇ ಲೈನ್‌ನ ಮೂವರು ಒಣಗಿದ ಜೆರ್ಸಿಯಲ್ಲಿ ಕೂತಿದ್ದರು. ಮೂರನೇ ಫೇಸ್‌ಆಫ್‌ನಿಂದ ಗೋಲು ಬಿತ್ತು. ಸೋತೆವು. ಐದು ಪಂದ್ಯಗಳಲ್ಲಿ ಆ ಮೂವರಿಗೆ ನಾನು ಕೊಡದ ನಿಮಿಷಗಳು ಆ ಹೊತ್ತಿನಲ್ಲಿ ನನಗೆ ಬೇಕಾಗಿದ್ದವು.

(ಕೊಡಗಿನಲ್ಲಿ ಫೀಲ್ಡ್ ಹಾಕಿ ಆಡಿ ಬೆಳೆದವನು ನಾನು. ಅಲ್ಲೂ ಇಂಥದ್ದೇ ಒಂದು ನಿಯಮ ಇದೆ. ರೋಲಿಂಗ್ ಸಬ್‌ಸ್ಟಿಟ್ಯೂಷನ್ ಎಷ್ಟು ಬೇಕಾದರೂ ಮಾಡಬಹುದು, ಆದರೆ ಪೆನಾಲ್ಟಿ ಕಾರ್ನರ್ ಸಿಕ್ಕ ಕ್ಷಣದಿಂದ ಅದು ಮುಗಿಯುವವರೆಗೆ ಬದಲಾಯಿಸುವ ಹಾಗಿಲ್ಲ. ಬೆಂಚ್‌ನಲ್ಲಿ ಎಷ್ಟೇ ಜನ ಇರಲಿ, ಆ ಹೊತ್ತಿಗೆ ಮೈದಾನದಲ್ಲಿ ಯಾರಿದ್ದಾರೋ ಅವರೇ ಗತಿ.)

ದೊಡ್ಡ ತಂಡಗಳು ಏನು ಮಾಡಿವೆ ಅಂತ ನೋಡಿದರೆ ಎರಡೂ ದಾರಿ ಸಿಗುತ್ತವೆ. 2016ರ ಲಂಡನ್ ನೈಟ್ಸ್ (ಒಂಟಾರಿಯೊದ ಲಂಡನ್ ಊರಿನ ಜೂನಿಯರ್ ತಂಡ) ನೆನಪಿರಬಹುದು. ಕೋಚ್ ಡೇಲ್ ಹಂಟರ್. ಮಿಚ್ ಮಾರ್ನರ್, ಕ್ರಿಶ್ಚಿಯನ್ ಡ್ವೊರಾಕ್, ಮ್ಯಾಥ್ಯೂ ಟ್ಕಾಚುಕ್ ಮೂವರನ್ನೂ ಒಂದೇ ಲೈನ್‌ನಲ್ಲಿ ಆಡಿಸಿದರು. ಒಂಟಾರಿಯೊ ಲೀಗ್ ಪ್ಲೇಆಫ್‌ನ ಕೊನೆಯ ಮೂರು ಸುತ್ತನ್ನೂ 4–0 ಗೆದ್ದರು. ಮೆಮೋರಿಯಲ್ ಕಪ್ ಫೈನಲ್‌ನಲ್ಲಿ ರೂಯಿನ್-ನೊರಾಂಡಾ ಹಸ್ಕೀಸ್ ಎದುರು ಓವರ್‌ಟೈಮ್‌ನಲ್ಲಿ ಟ್ಕಾಚುಕ್ ಹೊಡೆದ ಗೋಲಿನಿಂದ 3–2 ಗೆದ್ದರು. ‘ನೋಡಿ, ಒಳ್ಳೆಯವರ ಮೇಲೇ ಭಾರ ಹಾಕಿದರೆ ಕಪ್ ಬರುತ್ತೆ’ ಅಂತ ಎಷ್ಟೋ ಕೋಚ್‌ಗಳು ಇದನ್ನೇ ತೋರಿಸುತ್ತಾರೆ. ಆದರೆ ಮೂರು ಸುತ್ತಿನಲ್ಲಿ 21ರವರೆಗೆ ಹೋಗಬಹುದಾದ ಪಂದ್ಯಗಳು 12ಕ್ಕೇ ಮುಗಿದವು ಅನ್ನುವುದನ್ನು ಮರೆಯುತ್ತಾರೆ. ಆ ಹುಡುಗರಿಗೆ ವಿಶ್ರಾಂತಿ ಸಿಕ್ಕಿದ್ದು ಅಲ್ಲಿ. ಅಂಥ ಮೂವರು ಎಲ್ಲ ತಂಡಕ್ಕೂ ಸಿಗಲ್ಲ. ನಿಮ್ಮ ಸರಣಿ ಈಗಾಗಲೇ 2–2.

2010ರ ವಿಂಡ್ಸರ್ ಸ್ಪಿಟ್‌ಫೈರ್ಸ್ ನನಗೆ ಹೆಚ್ಚು ಇಷ್ಟ. ಬಾಬ್ ಬೂಗ್ನರ್ ಕೋಚ್. ಕಿಚನರ್ ಎದುರು ಮೊದಲ ಮೂರು ಪಂದ್ಯ ಸೋತರು. ಒಂದು ಸೋತರೆ ಮನೆಗೆ. ಅಲ್ಲಿಂದ ಸತತ ನಾಲ್ಕು ಗೆದ್ದರು. ಫೈನಲ್‌ನಲ್ಲಿ ಬ್ಯಾರಿ ತಂಡವನ್ನು 4–0 ಸೋಲಿಸಿದರು. ಆಮೇಲೆ ಬ್ರ್ಯಾಂಡನ್‌ನಲ್ಲಿ ನಡೆದ ಮೆಮೋರಿಯಲ್ ಕಪ್ ಫೈನಲ್‌ನಲ್ಲಿ ಆ ಊರಿನ ತಂಡದ ಮೇಲೇ 9–1. ಆ ತಂಡದಲ್ಲಿ ಟೇಲರ್ ಹಾಲ್ ಇದ್ದ, ಆ ವರ್ಷ ಎನ್‌ಎಚ್‌ಎಲ್ ತಂಡಗಳು ಹೊಸ ಹುಡುಗರನ್ನು ಆರಿಸುವ ಡ್ರಾಫ್ಟ್‌ನಲ್ಲಿ ಮೊದಲಿಗನಾದವನು. ಆದರೆ ಒಂಟಾರಿಯೊ ಪ್ಲೇಆಫ್‌ನ ಅತ್ಯುತ್ತಮ ಆಟಗಾರ ಅಂತ ಪ್ರಶಸ್ತಿ ಹೋದದ್ದು ಆಡಮ್ ಹೆನ್ರಿಕ್‌ಗೆ. ಒಬ್ಬನನ್ನು ಕಟ್ಟಿಹಾಕಿದರೆ ಇನ್ನೊಬ್ಬ ಹೊಡೆಯುತ್ತಿದ್ದ. 0–3 ಹಿಂದೆ ಇದ್ದಾಗ ಸತತ ನಾಲ್ಕು ಗೆಲ್ಲಲು ಕಾಲಿನಲ್ಲಿ ಶಕ್ತಿ ಉಳಿದಿರಬೇಕು. ಒಂದೇ ಲೈನ್ ಮೇಲೆ ನಿಂತ ತಂಡಕ್ಕೆ ಅದು ಕಷ್ಟ.

ಹಾಗಾಗಿ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಬೆಂಚ್ ಚಿಕ್ಕದು ಮಾಡುವುದು ಪಂದ್ಯದ ಕೊನೆಗೆ ಇರಬೇಕು, ಸರಣಿಯ ಶುರುವಿಗೆ ಅಲ್ಲ. ಮೊದಲ ನಾಲ್ಕು ಪಂದ್ಯಗಳಲ್ಲಿ, ಮೊದಲ ಎರಡು ಪೀರಿಯಡ್‌ಗಳಲ್ಲಿ ನಾಲ್ಕೂ ಲೈನ್ ಓಡಬೇಕು. ನಾಲ್ಕನೇ ಲೈನ್‌ಗೆ 30 ಸೆಕೆಂಡಿನ ಶಿಫ್ಟ್ ಕೊಡಿ ಪರವಾಗಿಲ್ಲ. ಕೊಡುವುದು ಮುಖ್ಯ. ಕ್ರಿಕೆಟ್‌ನಲ್ಲಿ ಮುಖ್ಯ ಬೌಲರ್‌ನ ಎರಡು ಓವರ್ ಕೊನೆಗೆ ಉಳಿಸುತ್ತಾರಲ್ಲ, ಅದಕ್ಕೆ ಮಧ್ಯದಲ್ಲಿ ಯಾರಾದರೂ ಬೌಲ್ ಮಾಡಲೇಬೇಕು. ಆ ಮಧ್ಯದ ಓವರ್‌ಗಳೇ ನಿಮ್ಮ ಮಗನ ಕೆಲಸ.

ನಿಮ್ಮ ಕೋಚ್ ಮೂರನೇ ಮತ್ತು ನಾಲ್ಕನೇ ಪಂದ್ಯದಲ್ಲಿ ಅವನ ನಿಮಿಷ ಕಡಿಮೆ ಮಾಡಿದ್ದು ತಪ್ಪಲ್ಲ. ಇಡೀ ಮೂರನೇ ಪೀರಿಯಡ್ ಕೂರಿಸಿದ್ದು ಜಾಸ್ತಿ ಆಯಿತು. ಅದಕ್ಕಿಂತ ಬೇಸರ, ಯಾಕೆ ಅಂತ ಹೇಳದಿದ್ದದ್ದು. ಇದು ಜೂನಿಯರ್ ಹಾಕಿ. ಇವರು ಇನ್ನೂ ಶಾಲೆಗೆ ಹೋಗುವ ಮಕ್ಕಳು. ‘ನಾಳೆ ಹೊರಗೆ ಆಡ್ತೀವಿ, ನಿನ್ನ ನಿಮಿಷ ಕಡಿಮೆ ಆಗುತ್ತೆ, ಮನೆಗೆ ಬಂದ ಮೇಲೆ ನೀನು ಬೇಕು’ ಅಂತ ಬಸ್‌ನಲ್ಲಿ ಒಂದು ಮಾತು ಹೇಳಿದ್ದರೆ ಆ ಹುಡುಗ ಊಟ ಮಾಡಿ ಮಲಗುತ್ತಿದ್ದ.

ಈಗ ನೀವು ಮಾತಾಡಬಹುದಾ ಅಂದರೆ, ಬೇಡ. ನೀವು ಬೇಡ, ಅವನು ಮಾತಾಡಲಿ. ಪಂದ್ಯ ಮುಗಿದ 24 ಗಂಟೆ ಕೋಚ್ ಹತ್ತಿರ ಹೋಗಬಾರದು ಅನ್ನುವ ಪದ್ಧತಿ ಕೆನಡಾದ ಮಕ್ಕಳ ಹಾಕಿಯಲ್ಲಿ ಬಹಳ ಕಡೆ ಇದೆ, ಒಳ್ಳೆಯ ಪದ್ಧತಿ. ಅದಾದ ಮೇಲೆ, ಪ್ರಾಕ್ಟೀಸ್‌ಗೆ ಹತ್ತು ನಿಮಿಷ ಮುಂಚೆ ಹೋಗಿ ಅವನೇ ಕೇಳಲಿ. ‘ಯಾಕೆ ಆಡಿಸಲಿಲ್ಲ’ ಅಂತ ಕೇಳುವುದು ಬೇಡ. ‘ಹೊರಗಿನ ಪಂದ್ಯದಲ್ಲೂ ನನ್ನನ್ನು ಕಳಿಸಬೇಕಂದರೆ ನಾನು ಯಾವುದನ್ನು ಸರಿ ಮಾಡಬೇಕು?’ ಅಂತ ಕೇಳಲಿ. ಇಂಥ ಪ್ರಶ್ನೆಗೆ ಕೋಚ್ ಹತ್ತಿರ ಉತ್ತರ ಇದ್ದೇ ಇರುತ್ತದೆ.

ಉತ್ತರ ಏನಿರಬಹುದು ಅಂತ ನಾನೂ ಊಹಿಸಬಲ್ಲೆ. ಲೆಫ್ಟ್ ವಿಂಗರ್‌ಗೆ ಪ್ಲೇಆಫ್‌ನಲ್ಲಿ ಒಂದು ಪರೀಕ್ಷೆ ಪದೇ ಪದೇ ಬರುತ್ತದೆ. ನಮ್ಮ ಗೋಲಿನ ಹಿಂದಿನಿಂದ ಡಿಫೆನ್ಸ್‌ನವನು ಪಕ್ ಅನ್ನು ಬೋರ್ಡ್ ಉದ್ದಕ್ಕೂ ಸುತ್ತಿ ಕಳಿಸುತ್ತಾನೆ. ಅದು ಬೋರ್ಡ್ ಉಜ್ಜಿಕೊಂಡು, ಸ್ವಲ್ಪ ಜಿಗಿಯುತ್ತಾ, ವಿಂಗರ್ ಹತ್ತಿರ ಬರುತ್ತದೆ. ಅದೇ ಹೊತ್ತಿಗೆ ಎದುರಾಳಿ ಡಿಫೆನ್ಸ್‌ನವನು ಬ್ಲೂ ಲೈನ್‌ನಿಂದ ಅವನ ಮೇಲೆ ನುಗ್ಗಿ ಬರುತ್ತಿರುತ್ತಾನೆ. ಹುಡುಗ ಬೆನ್ನನ್ನು ಬೋರ್ಡ್‌ಗೆ ಒತ್ತಿ, ಸ್ಕೇಟ್‌ನಿಂದ ಪಕ್ ತಡೆದು, ಪೆಟ್ಟು ಬೀಳುತ್ತದೆ ಅಂತ ಗೊತ್ತಿದ್ದೂ ಅದನ್ನು ಬ್ಲೂ ಲೈನ್ ಆಚೆ ತಳ್ಳಬೇಕು. ಅರ್ಧ ಸೆಕೆಂಡಿನ ಕೆಲಸ. ಪಕ್ ಹೊರಗೆ ಹೋದರೆ ಐವರಿಗೂ ಬದಲಾಗಲು ಸಮಯ ಸಿಗುತ್ತದೆ. ಹೋಗದಿದ್ದರೆ ಎಲ್ಲರೂ ಇನ್ನೊಂದು ನಿಮಿಷ ಒಳಗೇ ಸಿಕ್ಕಿಬೀಳುತ್ತಾರೆ. ನಾಲ್ಕನೇ ಲೈನ್‌ನ ವಿಂಗರ್ ಗೋಲು ಹೊಡೆದನಾ ಅಂತ ಕೋಚ್ ಲೆಕ್ಕ ಇಡಲ್ಲ. ಆ ಪಕ್ ಹತ್ತರಲ್ಲಿ ಎಷ್ಟು ಸಲ ಹೊರಗೆ ಹೋಯಿತು ಅಂತ ವಿಡಿಯೋ ನೋಡಿ ಎಣಿಸುತ್ತಾರೆ. ನಾನೂ ಎಣಿಸಿದ್ದೇನೆ.

ಇನ್ನೆರಡು ವಿಷಯ. ಪೆನಾಲ್ಟಿ ಕಿಲ್ ಕಲಿಯಲಿ. 6 ಪೆನಾಲ್ಟಿ ಬಿದ್ದ ದಿನ ಅವನು ಕಿಲ್‌ನಲ್ಲಿ ಇದ್ದಿದ್ದರೆ ಅಲ್ಲೇ ನಾಲ್ಕೈದು ನಿಮಿಷ ಸಿಗುತ್ತಿತ್ತು. ಶಾಟ್ ಮುಂದೆ ಮೈ ಒಡ್ಡುವುದು, ಸ್ಟಿಕ್ ಅನ್ನು ಪಾಸ್ ಬರುವ ದಾರಿಯಲ್ಲಿ ಇಡುವುದು, ಇದಕ್ಕೆ ಮೊದಲ ಲೈನ್‌ನವರ ಕೈಚಳಕ ಬೇಕಿಲ್ಲ. ಇನ್ನೊಂದು, ಶಿಫ್ಟ್ ಚಿಕ್ಕದಿರಲಿ. ಅಪರೂಪಕ್ಕೆ ಇಳಿಯುವ ಹುಡುಗರು ‘ಮತ್ತೆ ಸಿಗುತ್ತೋ ಇಲ್ಲವೋ’ ಅಂತ ಒಂದು ನಿಮಿಷ ಒಳಗೇ ಉಳಿಯುತ್ತಾರೆ. ಹಾಗೆ ಮಾಡಿದರೆ ಮುಂದೆ ಇಳಿಯಬೇಕಾದ ಲೈನ್‌ನ ಸರದಿ ಕೆಡುತ್ತದೆ, ಬೆಂಚ್‌ನಲ್ಲಿ ಎಲ್ಲರೂ ಗಮನಿಸುತ್ತಾರೆ. ಪಕ್ ಎದುರಾಳಿಯ ಮೂಲೆಗೆ ಹೋದಾಗ ಬದಲಾಗಬೇಕು. ನಮ್ಮ ಕಡೆ ಬರುತ್ತಿರುವಾಗ ಯಾವತ್ತೂ ಬೆನ್ನು ತಿರುಗಿಸಬಾರದು. ಬೆಂಚ್‌ನಲ್ಲಿ ಕೂತಾಗ ಕಾಲು ಆಡಿಸುತ್ತಿರಲಿ, ಪೀರಿಯಡ್ ನಡುವಿನ ಬಿಡುವಿನಲ್ಲಿ ಎರಡು ನಿಮಿಷ ಸೈಕಲ್ ತುಳಿಯಲಿ. ಇಪ್ಪತ್ತು ನಿಮಿಷ ಸುಮ್ನೆ ಕೂತು ತಣ್ಣಗಾದ ಕಾಲಿನಲ್ಲಿ ಇಳಿದರೆ ಮೊದಲ ಹತ್ತು ಸೆಕೆಂಡ್ ಹಾಗೇ ಹೋಗುತ್ತದೆ. ಅವನಿಗೆ ಸಿಗುವುದೇ ಮೂವತ್ತು ಸೆಕೆಂಡ್.

ಐದನೇ ಪಂದ್ಯ ನಿಮ್ಮೂರಲ್ಲಿ. ಲಾಸ್ಟ್ ಚೇಂಜ್ ವಾಪಸ್ ನಿಮ್ಮ ಕೋಚ್ ಕೈಗೆ ಬಂದಿದೆ. ಗೋಲಿನ ಹಿಂದೆ ಕೂರಬೇಡಿ, ಬೆಂಚ್ ಕಾಣುವ ಹಾಗೆ ಎದುರು ಬದಿಯಲ್ಲಿ ಕೂರಿ. ನಿಮ್ಮವರ ಮೊದಲ ಪೆನಾಲ್ಟಿ ಮುಗಿದ ಕೂಡಲೇ ಯಾರು ಬೋರ್ಡ್ ಹಾರಿ ಇಳಿಯುತ್ತಾರೆ ನೋಡಿ. ಕಿಲ್ ಮಾಡಿ ದಣಿದವರು ಬಂದು ಕೂರುವಾಗ, ಪೂರ್ತಿ ಉಸಿರಿರುವ ಲೈನ್ ಒಂದೇ ಇರುತ್ತದೆ, ಅದು ನಾಲ್ಕನೆಯದು. ನಿಮ್ಮ ಮಗ ಇಳಿದರೆ ಪಕ್ ಬಿಟ್ಟು ಅವನನ್ನೇ ನೋಡಿ. ಬೋರ್ಡ್ ಹತ್ತಿರದ ಆ ಪಕ್ ಹೊರಗೆ ಹೋಯಿತಾ, 40 ಸೆಕೆಂಡ್ ಒಳಗೆ ಬೆಂಚ್‌ಗೆ ಬಂದನಾ, ಅಷ್ಟು ಸಾಕು. ರಾತ್ರಿ ಮನೆಗೆ ಬಂದ ಮೇಲೆ ಎಷ್ಟು ನಿಮಿಷ ಆಡಿದೆ ಅಂತ ಕೇಳಬೇಡಿ. ಆ ಪಕ್ ವಿಷಯ ಕೇಳಿ.